ಮಗಳಿಗೊಂದು ಪತ್ರ: ತುಂಬಾ ಅಂದ್ರೆ ಎಷ್ಟು?

ರಾಬರ್ಟ್‌ಸನ್‌ಪೇಟೆ, ಕೆಜಿಎಫ್
ಭಾನುವಾರ ಮಧ್ಯಾಹ್ನ

ಪ್ರೀತಿಯ ಪುಟ್ಟಿ,

ಮೊನ್ನೆ ರಾತ್ರಿ ಫೋನಿನಲ್ಲಿ ನೀನು ಕಸದ ವಿಷಯ ಹೇಳುತ್ತಿದ್ದಾಗ ನಿಮ್ಮಮ್ಮ ಪಕ್ಕದಲ್ಲಿ ನಿಂತು "ಮೊದಲು ಊಟ ಆಯ್ತಾ ಕೇಳ್ರೀ" ಅಂತ ತಿವಿಯುತ್ತಿದ್ದಳು. ಮಾತು ಅರ್ಧಕ್ಕೇ ನಿಂತುಹೋಯಿತು. ಬಿಲ್ಡಿಂಗ್ ಹಿಂದಿನ ಗಲ್ಲಿಯಲ್ಲಿ ಹದಿನೈದು ದಿನದಿಂದ ಕಸ ಎತ್ತಿಲ್ಲ, ದೂರು ಕೊಟ್ಟರೂ ಯಾರೂ ಬರಲಿಲ್ಲ, "ನಾನೊಬ್ಬಳು ಕೂಗಿದ್ರೆ ಯಾರು ಕೇಳ್ತಾರಪ್ಪಾ" ಅಂದೆ. ಫೋನ್ ಇಟ್ಟಮೇಲೆ ನನಗೆ ಒಬ್ಬರ ನೆನಪಾಯಿತು. ನೀನಿರುವ ಮುಂಬಯಿಯ ಚೆಂಬೂರಿನಿಂದ ಜಾಸ್ತಿ ದೂರ ಇಲ್ಲದ ಕಡೆ ಬಾಳಿದವರು. ಹುಟ್ಟಿದ್ದು ಮಾತ್ರ ನಮ್ಮ ಕೆಜಿಎಫ್‌ನಲ್ಲಿ.

ಹೆಸರು ಜಾಕಿನ್ ಅರ್ಪುತಂ. ಅರ್ಪುತಂ ಅಂದರೆ ತಮಿಳಿನಲ್ಲಿ ಅದ್ಭುತ ಅಂತ. ನನಗೂ ಅವರ ವಿಷಯ ಸರಿಯಾಗಿ ಗೊತ್ತಾಗಿದ್ದು ಅವರು ತೀರಿಕೊಂಡ ಮೇಲೆ, 2018ರ ಅಕ್ಟೋಬರ್‌ನಲ್ಲಿ. ಸುದ್ದಿಯ ನಡುವೆ 'ಕೋಲಾರ ಚಿನ್ನದ ಗಣಿಯಲ್ಲಿ ಹುಟ್ಟಿದವರು' ಅಂತ ಒಂದು ಸಾಲು ಇತ್ತು. ಇಡೀ ಊರು ಚಿನ್ನ ಅಗೆದು ಅಗೆದು ದೇಶಕ್ಕೆ ಕೊಟ್ಟಿತು ಅಂತ ಹೇಳಿಕೊಳ್ಳುತ್ತೇವೆ. ಇಂಥವರನ್ನು ಕೊಟ್ಟಿದ್ದು ನಮಗೇ ಗೊತ್ತಿರಲಿಲ್ಲ, ನೋಡು.

1960ರ ದಶಕದಲ್ಲಿ, ಇನ್ನೂ ಮೀಸೆ ಬಲಿಯದ ವಯಸ್ಸಿನಲ್ಲಿ, ಅವರು ಬೊಂಬಾಯಿಗೆ ಹೋದರು. ಗೊತ್ತಿದ್ದ ಕೆಲಸ ಮರಗೆಲಸ. ಮಾನ್‌ಖುರ್ದ್ ಹತ್ತಿರ ಜನತಾ ಕಾಲೊನಿ ಅಂತ ದೊಡ್ಡ ಕೊಳೆಗೇರಿ ಇತ್ತು, ಅಲ್ಲಿ ಸೇರಿಕೊಂಡರು. ಮೊದಲು ಮಾಡಿದ್ದು ಹೋರಾಟ ಅಲ್ಲ. ಅಲ್ಲಿನ ಮಕ್ಕಳನ್ನು ಕೂಡಿಸಿಕೊಂಡು ಹಾಡು ಹೇಳೋದು, ಒಂದಿಷ್ಟು ಪಾಠ ಹೇಳೋದು. ಕಾಲೊನಿಯಲ್ಲಿ ಕಸ ಮಾತ್ರ ಬೆಟ್ಟದ ಹಾಗೆ ಬಿದ್ದಿರುತ್ತಿತ್ತು, ಎತ್ತುವವರಿಲ್ಲ. ಒಂದು ದಿನ ಮಕ್ಕಳಿಗೆ ಪಿಕ್‌ನಿಕ್ ಹೋಗೋಣ ಅಂದರು. ಒಬ್ಬೊಬ್ಬರ ಕೈಗೂ ಪೇಪರಿನಲ್ಲಿ ಕಟ್ಟಿದ ಕಸದ ಪೊಟ್ಟಣ. ಮಕ್ಕಳ ಮೆರವಣಿಗೆ ಸೀದಾ ಪಾಲಿಕೆ ಕಚೇರಿ ಮುಂದೆ ಹೋಗಿ ಪೊಟ್ಟಣ ಸುರಿಯಿತು. ಆಮೇಲೆ ಅಧಿಕಾರಿಗಳು ಮಾತಿಗೆ ಬಂದರು.

ನೀನು ನಗುತ್ತಿರಬಹುದು. ನಾನೂ ನಕ್ಕೆ. ಆದರೆ ಯೋಚನೆ ಮಾಡು, ದೊಡ್ಡವರು ಗುಂಪು ಕಟ್ಟಿಕೊಂಡು ಹೋಗಿದ್ದರೆ ಪೊಲೀಸ್ ಲಾಠಿ ಬೀಸುತ್ತಿದ್ದರು. ಮಕ್ಕಳು ಪೊಟ್ಟಣ ಹಿಡಿದು ಬಂದರೆ ಏನು ಮಾಡುತ್ತಾರೆ?

ಹಾಗಂತ ಗೆದ್ದಿದ್ದೇ ಜಾಸ್ತಿ ಅಂತಲ್ಲ. ಜನತಾ ಕಾಲೊನಿಯ ಪಕ್ಕದ ಜಾಗ ಭಾಭಾ ಅಣು ಸಂಶೋಧನಾ ಕೇಂದ್ರದ್ದು. ಅದಕ್ಕೆ ಕಾಲೊನಿಯ ಜಾಗವೂ ಬೇಕಾಯಿತು. ಕಾಲೊನಿಯವರು ವರ್ಷಗಟ್ಟಲೆ ಕೋರ್ಟು, ದೆಹಲಿ ಅಂತ ಅಲೆದರು. ಕೊನೆಗೆ 1976ರಲ್ಲಿ, ತುರ್ತು ಪರಿಸ್ಥಿತಿಯ ಕಾಲದಲ್ಲಿ, ಕಾಲೊನಿಯನ್ನೇ ಕೆಡವಿದರು. ಸುಮಾರು 70 ಸಾವಿರ ಜನ. ಅವರನ್ನು ತಂದು ಬಿಟ್ಟ ಜಾಗವೇ ಈಗಿನ ಚೀತಾ ಕ್ಯಾಂಪ್. ಮಾನ್‌ಖುರ್ದ್ ಕಡೆ ಹೋಗುವ ಆಟೋದವರ ಬಾಯಲ್ಲಿ ಆ ಹೆಸರು ನೀನೂ ಕೇಳಿರುತ್ತೀಯ.

ಇಲ್ಲಿ ನನ್ನದೊಂದು ಕಥೆ ಹೇಳಬೇಕು. ಇದನ್ನು ನಿನಗೆ ಯಾವತ್ತೂ ಹೇಳಿಲ್ಲ, ನಾಚಿಕೆ. 2001ರಲ್ಲಿ ಮೈನ್ಸ್ ಮುಚ್ಚಿತಲ್ಲ, ಆಮೇಲೆ ನಮ್ಮ ಲೈನಿನ, ಅಂದರೆ ಗಣಿ ಕಾರ್ಮಿಕರ ಸಾಲುಮನೆಗಳ, ನಲ್ಲಿಯಲ್ಲಿ ನೀರು ಬರೋದು ನಿಂತಿತು. ನೀನು ಆಗ ಚಿಕ್ಕವಳು, ನಿಮ್ಮಮ್ಮ ಎರಡು ಬಿಂದಿಗೆ ಹಿಡಿದು ಗಣಿಯ ತ್ಯಾಜ್ಯ ಮಣ್ಣು ಸುರಿದ ಸೈನೈಡ್ ದಿಬ್ಬದ ಆಚೆಗೆ ಹೋಗುತ್ತಿದ್ದಳು. ನಾನು ಅಂಗಡಿಯಿಂದ ಒಳ್ಳೇ ಕಾಗದ ತಂದು, ಎರಡು ಪುಟ ಅರ್ಜಿ ಬರೆದು ಒಂದು ಆಫೀಸಿಗೆ ಹೋದೆ. ಸಾಹೇಬರು ಓದಿದರು. ಪೆನ್ನಿನ ಕ್ಯಾಪ್ ತೆಗೆದರು. "ಎಷ್ಟು ಮನೆ?" ಅಂದರು.

"ತುಂಬಾ ಮನೆ ಸಾರ್."

"ತುಂಬಾ ಅಂದ್ರೆ ಎಷ್ಟು?"

ಇಪ್ಪತ್ತೆರಡು ವರ್ಷ ಅದೇ ಲೈನಿನಲ್ಲಿ ಇದ್ದವನು, ನನ್ನ ಹತ್ತಿರ ಉತ್ತರ ಇರಲಿಲ್ಲ. ಅವರು ಕ್ಯಾಪ್ ಹಾಕಿದರು. ನಾನು ಮನೆಗೆ ಬಂದು ಆ ಮನುಷ್ಯನನ್ನು ಚೆನ್ನಾಗಿ ಬೈದೆ. ಎಣಿಸಲು ಮಾತ್ರ ಹೋಗಲಿಲ್ಲ. ನೀರು ಬಂದಿದ್ದು ಎಷ್ಟೋ ದಿನದ ಮೇಲೆ, ಬೇರೆಯವರ ಓಡಾಟದಿಂದ.

ಜಾಕಿನ್ ಅವರ ಬಗ್ಗೆ ಓದುವಾಗ ನನಗೆ ಚುಚ್ಚಿದ್ದು ಇದೇ. ಅವರ ಸಂಘಟನೆ, ಅಂದರೆ ಕೊಳೆಗೇರಿ ನಿವಾಸಿಗಳ ರಾಷ್ಟ್ರೀಯ ಒಕ್ಕೂಟ, ಎಲ್ಲಿ ಹೋದರೂ ಮೊದಲು ಎಣಿಸುತ್ತಿತ್ತು. ಬಾಗಿಲಿಗೊಂದು ನಂಬರ್. ಮನೆಯಲ್ಲಿ ಎಷ್ಟು ಜನ, ಯಾವ ಕೆಲಸ, ಎಷ್ಟು ವರ್ಷದಿಂದ ಇದ್ದೀರಿ. ಎಣಿಸುವವರೂ ಅದೇ ಗುಡಿಸಲಿನವರು. ಸರ್ಕಾರದ ಲೆಕ್ಕದಲ್ಲಿ ಇಲ್ಲದವರು ತಾವೇ ತಮ್ಮ ಲೆಕ್ಕ ಬರೆದುಕೊಂಡು ಮೇಜಿನ ಮೇಲೆ ಇಟ್ಟರೆ, 'ತುಂಬಾ ಅಂದ್ರೆ ಎಷ್ಟು' ಅಂತ ಕೇಳುವವರ ಬಾಯಿ ತಾನಾಗಿ ಮುಚ್ಚುತ್ತದೆ. 1985ರಲ್ಲಿ ಫುಟ್‌ಪಾತ್ ಮೇಲೆ ಬದುಕುವವರನ್ನು ಮಳೆಗಾಲ ಮುಗಿದ ಮೇಲೆ ಎಬ್ಬಿಸಬಹುದು ಅಂತ ಸುಪ್ರೀಂ ಕೋರ್ಟ್ ತೀರ್ಪು ಬಂತು. ಅದೇ ವರ್ಷ ಸ್ಪಾರ್ಕ್ ಅನ್ನುವ ಸಂಸ್ಥೆ ಅವರ ಗಣತಿ ಮಾಡಿತು. ಸುಮಾರು 6 ಸಾವಿರ ಕುಟುಂಬ ಸಿಕ್ಕವು. ಮುಂದೆ ಜಾಕಿನ್, ಸ್ಪಾರ್ಕ್, ಮತ್ತೆ ಫುಟ್‌ಪಾತಿನ ಹೆಂಗಸರದೇ ಮಹಿಳಾ ಮಿಲನ್, ಮೂರೂ ಒಟ್ಟಿಗೆ ಕೆಲಸ ಮಾಡಿದವು.

ಮಹಿಳಾ ಮಿಲನ್‌ನ ಉಳಿತಾಯದ ಲೆಕ್ಕ ನಿಮ್ಮಮ್ಮನಿಗೆ ಹೇಳಿದೆ, ಕಣ್ಣು ಅರಳಿಸಿದಳು. ಓದು ಬಾರದ ಹೆಂಗಸರು. ಒಂದು ರೂಪಾಯಿಗೆ ಒಂದು ಬಣ್ಣದ ಕಾಗದದ ಚೂರು, ಎರಡಕ್ಕೆ ಇನ್ನೊಂದು, ಐದಕ್ಕೆ ಮತ್ತೊಂದು. ಅವನ್ನು ಪ್ಲಾಸ್ಟಿಕ್ ಚೀಲದಲ್ಲಿ ಹಾಕಿಟ್ಟರೆ ಅದೇ ಪಾಸ್‌ಬುಕ್. "ನನ್ನ ಚೀಟಿ ಲೆಕ್ಕಕ್ಕಿಂತ ಇದೇ ವಾಸಿ" ಅಂದಳು. ಅವಳ ಚೀಟಿ ಲೆಕ್ಕ ಇರೋದು ಕ್ಯಾಲೆಂಡರಿನ ಹಿಂದೆ, ನಿನಗೆ ಗೊತ್ತಲ್ಲ.

ಕಕ್ಕಸಿನ ಕಥೆ ಇನ್ನೂ ಚೆನ್ನಾಗಿದೆ. ಪುಣೆ, ಮುಂಬಯಿಯಲ್ಲಿ ಇವರು ಕಟ್ಟಿಸಿದ ಸಮುದಾಯ ಶೌಚಾಲಯಗಳಲ್ಲಿ ಮಕ್ಕಳಿಗೇ ಬೇರೆ ಸಣ್ಣ ಗುಂಡಿಗಳು, ಹಿಡಿದು ಕೂರಲು ಹಿಡಿಕೆ. ದೊಡ್ಡವರ ಸಾಲಿನಲ್ಲಿ ಮಕ್ಕಳನ್ನು ತಳ್ಳಿಬಿಡುತ್ತಾರೆ, ಕೊನೆಗೆ ಅವು ಚರಂಡಿ ಪಕ್ಕ ಕೂರುತ್ತವೆ. ನಮ್ಮ ಲೈನಿನ ಸಾಲು ಕಕ್ಕಸಿನ ಮುಂದೆ ಚೊಂಬು ಹಿಡಿದು ನಿಂತವನು ನಾನು, ಇದನ್ನು ಯೋಚಿಸಿದವರು ಅಲ್ಲಿ ನಿಂತವರೇ ಅಂತ ಓದಿದ ತಕ್ಷಣ ಗೊತ್ತಾಯಿತು. 2001ರಲ್ಲಿ ಇಂಥ ಶೌಚಾಲಯದ ಮಾದರಿಯನ್ನು ನ್ಯೂಯಾರ್ಕಿನ ವಿಶ್ವಸಂಸ್ಥೆಯ ಹಜಾರದಲ್ಲೇ ನಿಲ್ಲಿಸಿದರು. ಆಗ ವಿಶ್ವಸಂಸ್ಥೆಯ ಮಹಾಕಾರ್ಯದರ್ಶಿ ಆಗಿದ್ದ ಕೋಫಿ ಅನ್ನಾನ್ ಬಂದು ನೋಡಿದರು.

ಜಾಕಿನ್ ಅವರಿಗೆ 2000ದಲ್ಲಿ ಮ್ಯಾಗ್ಸೆಸೆ ಪ್ರಶಸ್ತಿ, 2011ರಲ್ಲಿ ಪದ್ಮಶ್ರೀ ಬಂತು. ಸರ್ಕಾರದ ಜೊತೆ ಕೈಜೋಡಿಸಿ ರೈಲ್ವೆ ಹಳಿ ಪಕ್ಕದವರನ್ನು ಬೇರೆ ಕಡೆಗೆ ಸಾಗಿಸಲು ಒಪ್ಪಿದ್ದಕ್ಕೆ ಬೈದವರೂ ಇದ್ದರು. ಬೈಗುಳದಲ್ಲಿ ಸ್ವಲ್ಪ ನಿಜವೂ ಇದ್ದೀತು. ಮನೆ ಬಿಟ್ಟು ಹೋಗುವುದು ಯಾರಿಗೂ ಸುಲಭ ಅಲ್ಲ. ಆದರೆ ಒಂದು ಸಲ ಬುಲ್ಡೋಜರ್ ಮುಂದೆ ಎಲ್ಲಾ ಕಳೆದುಕೊಂಡವರು ಎರಡನೇ ಸಲ ಮಾತುಕತೆಗೆ ಕೂತರೆ ನನಗೆ ಅದು ತಪ್ಪು ಅನ್ನಿಸುವುದಿಲ್ಲ.

ನಿನಗೆ ಕಸದ ಪೊಟ್ಟಣ ಕಟ್ಟು ಅಂತ ಹೇಳುತ್ತಿಲ್ಲಮ್ಮ, ಕೆಲಸ ಹೋದೀತು! ಆ ಗಲ್ಲಿಗೆ ಎಷ್ಟು ಮನೆಯ ಹಿತ್ತಿಲು ಬೀಳುತ್ತದೆ, ಒಂದು ಸಲ ಹೋಗಿ ನೋಡಿಕೊಂಡು ಬಾ. ಕಸದ ಗಾಡಿ ಯಾವ ವಾರ ಬಂತು, ಯಾವ ವಾರ ಬರಲಿಲ್ಲ, ಹಾಲಿನವನನ್ನು ಕೇಳು. ಅವನಿಗೆ ಗೊತ್ತಿರುತ್ತೆ.

ನಾನೂ ಶುರು ಮಾಡಿದ್ದೇನೆ. ನಿನ್ನೆ ಸಂಜೆ ವಾಕಿಂಗ್ ಹೋದಾಗ ನಮ್ಮ ರಸ್ತೆಯ ದೀಪದ ಕಂಬ ಎಣಿಸಿದೆ. 23 ಕಂಬ, ಉರಿಯದೇ ಇರೋದು 9. ನಿಮ್ಮಮ್ಮ 10 ಅಂತಾಳೆ. ಮಾರಿಯಮ್ಮನ ಗುಡಿ ಪಕ್ಕದ್ದು ಒಂದು ಸಲ ಉರಿಯುತ್ತೆ, ಒಂದು ಸಲ ಇಲ್ಲ. ಅದನ್ನು ಯಾವ ಲೆಕ್ಕಕ್ಕೆ ಸೇರಿಸೋದು ಅಂತ ಇವತ್ತು ರಾತ್ರಿ ಮತ್ತೆ ಹೋಗಿ ನೋಡುತ್ತೇವೆ.

ಹುರಿಹಿಟ್ಟು, ಹುಣಸೆ ತೊಕ್ಕು ಪಾರ್ಸೆಲ್ ಮಾಡಿದ್ದೇವೆ. ತೊಕ್ಕಿನ ಡಬ್ಬಿ ನೆಟ್ಟಗೆ ಇಡು, ಎಣ್ಣೆ ಸೋರುತ್ತೆ.

ನಿನ್ನ
ಅಪ್ಪ