ಬೊಕೆ ಎತ್ತಿಟ್ಟೆಯಾ?

ಮೆಲ್ಬರ್ನ್, ಭಾನುವಾರ

ಅಮ್ಮಾ,

ಬೆಕ್ಕಿರುವ ಮನೆಯಲ್ಲಿ ಲಿಲ್ಲಿ ಬೊಕೆ ಇಡಬೇಡ ಅಂತ ನಿನ್ನೆ ಫೋನಿನಲ್ಲಿ ಹೇಳಿದರೆ ನೀನು ನಕ್ಕುಬಿಟ್ಟೆ. "ಬೆಕ್ಕು ಎಲ್ಲಾದರೂ ಹೂವು ತಿನ್ನುತ್ತದೇನೇ?" ಅಂದೆ. ಅದಕ್ಕೇ ಕೂತು ಮೇಲ್ ಬರೆಯುತ್ತಿದ್ದೇನೆ, ಅಪ್ಪನ ಕೈಲಿ ಓದಿಸಿಕೋ.

ಷಷ್ಟ್ಯಬ್ದಿ ಫೋಟೊಗಳೆಲ್ಲ ಚೆನ್ನಾಗಿವೆ. ಆದರೆ ನನ್ನ ಕಣ್ಣು ಹೋಗಿದ್ದು ಟೀಪಾಯಿ ಮೇಲಿನ ಬೊಕೆಗೆ. ಬಿಳಿ ಲಿಲ್ಲಿ ಹೂವು, ಪಕ್ಕದಲ್ಲೇ ಬಾಲ ಎತ್ತಿಕೊಂಡು ನಿನ್ನ ಸುಬ್ಬಿ!

ತಿನ್ನಲೇಬೇಕು ಅಂತೇನಿಲ್ಲಮ್ಮ. ಹೋದ ವರ್ಷ ನಾನೇ ಅಂಥ ಹೂವು ತಂದಿಟ್ಟಿದ್ದೆ. ನಮ್ಮ ಬೆಕ್ಕು ಬೆಣ್ಣೆ ಅದರ ಕೆಳಗೆ ನುಸುಳಿ ಹೋದ, ಅಷ್ಟೇ. ಬಿಳಿ ಬೆನ್ನ ಮೇಲೆ ಹೂವಿನ ಕೇಸರಿ ಬಣ್ಣದ ಪರಾಗದ ಪುಡಿ. ಮುದ್ದಾಗಿದೆ ಅಂತ ಫೋಟೊ ಬೇರೆ ತೆಗೆದೆ, ಪೆದ್ದಿ ನಾನು. ಅವನು ಅದನ್ನೆಲ್ಲ ನೆಕ್ಕಿಕೊಂಡ. ರಾತ್ರಿ ವಾಂತಿ ಶುರು. ಬೆಳಗಾಗುವ ಮೊದಲೇ ಆಸ್ಪತ್ರೆಗೆ ಓಡಿದೆ. ಲಿಲ್ಲಿಯ ಹೂವು, ಎಲೆ, ಪುಡಿ, ಕೊನೆಗೆ ಹೂದಾನಿಯ ನೀರು ಕೂಡ ಬೆಕ್ಕಿನ ಕಿಡ್ನಿ ಕೆಡಿಸುತ್ತದೆ. 1ರಿಂದ 3 ದಿನದಲ್ಲಿ ಕಿಡ್ನಿ ಪೂರ್ತಿ ನಿಂತುಹೋಗಬಹುದು. ಮಧ್ಯೆ ವಾಂತಿ ನಿಂತು ಹುಷಾರಾದ ಹಾಗೆ ಕಾಣುತ್ತದೆ, ಮೋಸ ಹೋಗಬಾರದು. 3 ದಿನ ಡ್ರಿಪ್ ಹಾಕಿ ಉಳಿಸಿದರು. ಬಿಲ್ ಎಷ್ಟು ಅಂತ ಮಾತ್ರ ಕೇಳಬೇಡ.

ಬೊಕೆ ಈಗಲೇ ಕೆಳಗಿನ ಮನೆ ಆಂಟಿಗೆ ಕೊಟ್ಟುಬಿಡು, ಅವರ ಮನೆಯಲ್ಲಿ ಬೆಕ್ಕಿಲ್ಲ. ಟೀಪಾಯಿ ಒದ್ದೆ ಬಟ್ಟೆಯಲ್ಲಿ ಒರೆಸು. ಸುಬ್ಬಿ ಮೈಮೇಲೆ ಪುಡಿ ಕಂಡರೆ ತೊಳೆದು, ವಾಂತಿಗೆ ಕಾಯದೆ ಡಾಕ್ಟರ ಹತ್ತಿರ ಕರೆದುಕೊಂಡು ಹೋಗು.

ಅಡುಗೆಮನೆ ಕಿಟಕಿಯ ಮನಿಪ್ಲಾಂಟ್ ಇಷ್ಟು ಘೋರವಲ್ಲ. ಕಚ್ಚಿದರೆ ಬಾಯಿ ಉರಿದು ಜೊಲ್ಲು ಸುರಿಸುತ್ತದೆ, ಹಸಿ ಕೆಸುವಿನೆಲೆ ತಿಂದರೆ ನಮಗೆ ಗಂಟಲು ಕೆರೆಯಲ್ವಾ, ಹಾಗೆ. ಮೇಲೆ ತೂಗುಹಾಕು. ಪೀಸ್ ಲಿಲ್ಲಿಯೂ ಅದೇ ಜಾತಿ, ಹೆಸರಿಗಷ್ಟೇ ಲಿಲ್ಲಿ. ಆದರೆ ಅಪ್ಪ ಲಾಲ್‌ಬಾಗ್ ನರ್ಸರಿಯಿಂದ ಹೊತ್ತು ತಂದ, ತಾಳೆಯ ಹಾಗೆ ಕಾಣುವ ಸೈಕಸ್ ಗಿಡ ಬೇಡವೇ ಬೇಡ. ಅದು ಲಿವರ್ ಹಾಳುಮಾಡುತ್ತದೆ, ಬೀಜವಂತೂ ಎಲ್ಲಕ್ಕಿಂತ ಜಾಸ್ತಿ. ಅಪ್ಪ ಮುಖ ಊದಿಸಿಕೊಂಡರೆ ಅದರ ಬದಲು ಅರೆಕಾ ಪಾಮ್ ಕೊಡಿಸು, ಬೆಕ್ಕಿಗೆ ಏನೂ ಆಗುವುದಿಲ್ಲ.

ಸುಬ್ಬಿಗೆ ಹಸಿರು ಅಗಿಯುವ ಆಸೆ ಇದ್ದರೆ ಒಂದು ಹಳೇ ಡಬ್ಬಿಯಲ್ಲಿ ಗೋಧಿ ಚೆಲ್ಲು. ವಾರದಲ್ಲಿ ಪೈರು ಬರುತ್ತದೆ, ಸುಮ್ನೆ ಅವಳ ಮುಂದಿಡು.

ಬೊಕೆ ಕೊಟ್ಟಾದ ಮೇಲೆ ಒಂದು ಮೆಸೇಜ್ ಹಾಕು. ತಂದವರಿಗೆ ಬೇಜಾರಾಗದ ಹಾಗೆ ಹೇಳು, ಮುಂದಿನ ಸಲ ಗಾಂಧಿ ಬಜಾರಿನಿಂದ ಎರಡು ಮೊಳ ಮಲ್ಲಿಗೆ ತಂದರೆ ಸಾಕು.

ನಿನ್ನ,
ಪುಟ್ಟಿ