ಹಳೆಯ ಬೀಜಕ್ಕೆ ಹೊಸ ತಿಂಗಳಿನ ಚೀಟಿ: ಡೆಲ್ಫಿನಿಯಂ ಬೀಜದ ಬಗ್ಗೆ ದೂರು

ಇಂದ:
ನಿವೃತ್ತ ಪ್ರೌಢಶಾಲಾ ಶಿಕ್ಷಕಿ,
ಮಾಳಮಡ್ಡಿ, ಧಾರವಾಡ

ಗೆ:
ಗ್ರಾಹಕರ ಕುಂದುಕೊರತೆ ಅಧಿಕಾರಿಗಳು,
ಹೂವಿನ ಬೀಜ ಮಾರಾಟ ಸಂಸ್ಥೆ

ದಿನಾಂಕ: 10 ಮಾರ್ಚ್ 2025

ವಿಷಯ: ಮೊಳೆಯದ ಡೆಲ್ಫಿನಿಯಂ ಬೀಜ ಹಾಗೂ ಬದಲಿಯಾಗಿ ಬಂದ ಬೇರೆ ಗಿಡದ ಬೀಜದ ಕುರಿತು.

ಮಾನ್ಯರೇ,

ಕಳೆದ ಸೆಪ್ಟೆಂಬರ್ 18ರಂದು ತಮ್ಮ ಜಾಲತಾಣದಿಂದ ‘ಡೆಲ್ಫಿನಿಯಂ, ಬಹುವಾರ್ಷಿಕ, ನೀಲಿ’ ಎಂಬ, ತಂಪು ಹವೆ ಬಯಸುವ ಹೂಗಿಡದ ಬೀಜದ ಎರಡು ಪಾಕೀಟುಗಳನ್ನು ತರಿಸಿಕೊಂಡೆ. ಪಾಕೀಟಿಗೆ 50 ಬೀಜದಂತೆ ತಲಾ 180 ರೂಪಾಯಿ, ಕೊರಿಯರ್ ವೆಚ್ಚ 80 ರೂಪಾಯಿ, ಒಟ್ಟು 440 ರೂಪಾಯಿ ಸಂದಾಯ ಮಾಡಿದ್ದೇನೆ. ನಮ್ಮದು ಹಳೆಯ ಹಂಚಿನ ಮನೆ; ಅಂಗಳದಲ್ಲಿ ದಾಸವಾಳ, ಅಬ್ಬಲಿಗೆ, ಸೇವಂತಿಗೆಗಳಿಗೆ ಕೊರತೆಯಿಲ್ಲವಾದರೂ ಬೇಲಿಗೆ ಹಬ್ಬಿದ ಶಂಖಪುಷ್ಪವೊಂದನ್ನು ಬಿಟ್ಟರೆ ನೀಲಿ ಬಣ್ಣವೇ ಇಲ್ಲ ಎಂಬುದು ಈ ಖರೀದಿಗೆ ಕಾರಣ.

ಡೆಲ್ಫಿನಿಯಂ ಬೀಜ ಸೆಕೆ ಮತ್ತು ತೇವಕ್ಕೆ ಬೇಗ ಸತ್ವ ಕಳೆದುಕೊಳ್ಳುತ್ತದೆ ಎಂಬುದನ್ನು ತಿಳಿದೇ ನಾನು ಪಾಕೀಟುಗಳನ್ನು ಬಂದ ದಿನವೇ ಮುಚ್ಚಳದ ಡಬ್ಬಿಯಲ್ಲಿಟ್ಟು ಫ್ರಿಜ್‌ಗೆ ಸೇರಿಸಿದೆ. ದೀಪಾವಳಿ ಮುಗಿದು ರಾತ್ರಿಗಳು ತಂಪಾಗತೊಡಗಿದ ಮೇಲೆ, ನವೆಂಬರ್ 10ರಂದು, ತೆಂಗಿನ ನಾರಿನ ಪುಡಿ ಮತ್ತು ಜರಡಿ ಹಿಡಿದ ಎರೆಗೊಬ್ಬರ ಬೆರೆಸಿ ತುಂಬಿದ ಟ್ರೇಯ ಅರ್ಧ ಭಾಗದಲ್ಲಿ ಒಂದು ಪಾಕೀಟಿನ 50 ಬೀಜಗಳನ್ನೂ ಎಣಿಸಿ ಬಿತ್ತಿದೆ. ಈ ಬೀಜ ಕತ್ತಲಲ್ಲಿ ಚೆನ್ನಾಗಿ ಮೊಳೆಯುವುದರಿಂದ ಮೇಲೆ ತೆಳುವಾಗಿ ಮಣ್ಣು ಉದುರಿಸಿ, ಟ್ರೇಯನ್ನು ಮನೆಯ ಉತ್ತರದ ಪಡಸಾಲೆಯಲ್ಲಿ, ಬಿಸಿಲು ತಾಗದ ಮೂಲೆಯಲ್ಲಿ ಇಟ್ಟೆ. ಉಳಿದ ಅರ್ಧ ಟ್ರೇಯಲ್ಲಿ, ಊಟಿಯಲ್ಲಿರುವ ನನ್ನ ತಂಗಿ ತನ್ನ ಕೈತೋಟದ ಗಿಡದಿಂದ ಅದೇ ವರ್ಷ ಬಿಡಿಸಿ ಕಳಿಸಿದ 20 ಡೆಲ್ಫಿನಿಯಂ ಬೀಜಗಳನ್ನು ಅದೇ ದಿನ ಬಿತ್ತಿದೆ. ಟ್ರೇ ಒಂದೇ, ಮಣ್ಣು ಒಂದೇ, ನೀರು ಹಾಕಿದ ಕೈಯೂ ಒಂದೇ. 24ನೆಯ ದಿನಕ್ಕೆ ತಂಗಿಯ 20 ಬೀಜಗಳಲ್ಲಿ 13 ಮೊಳೆತಿದ್ದವು. ತಮ್ಮ 50ರಲ್ಲಿ ಎರಡು ತಲೆಯೆತ್ತಿ, ವಾರದೊಳಗೆ ಅವೂ ಬುಡ ಕೊಳೆತು ಬಿದ್ದವು. ಎರಡನೆಯ ಪಾಕೀಟನ್ನು ಒದ್ದೆ ಕಾಗದದ ಮಡಿಕೆಯಲ್ಲಿಟ್ಟು ಪರೀಕ್ಷಿಸಿದಾಗ ಒಂದೂ ಮೊಳೆಯಲಿಲ್ಲ; ಎಲ್ಲಕ್ಕೂ ಬೂಷ್ಟು ಹಿಡಿಯಿತು.

ಇದರ ಕಾರಣ ಪಾಕೀಟಿನ ಮೇಲೆಯೇ ಇತ್ತು. ಫ್ರಿಜ್‌ನ ತೇವಕ್ಕೆ ಪಾಕೀಟಿನ ಹಿಂಬದಿಯ ಸಣ್ಣ ಚೀಟಿ ಸಡಿಲಾಗಿ ಕಳಚಿತು. ಚೀಟಿಯಲ್ಲಿ ‘ಪ್ಯಾಕ್ ಮಾಡಿದ ತಿಂಗಳು: ಆಗಸ್ಟ್ 2024’ ಎಂದಿತ್ತು; ಅದರ ಕೆಳಗೆ, ಪಾಕೀಟಿನ ಮೇಲೆಯೇ ಮುದ್ರಿತವಾಗಿದ್ದದ್ದು ‘ಮಾರ್ಚ್ 2022’. ಎರಡೂ ಪಾಕೀಟುಗಳಲ್ಲಿ ಹೀಗೇ ಇದೆ. ಮೂರು ಬೇಸಿಗೆ ಕಂಡ ಬೀಜಕ್ಕೆ ಹೊಸ ತಿಂಗಳನ್ನು ಅಂಟಿಸಿ ಮಾರುವುದನ್ನು ಕೈತಪ್ಪು ಎಂದು ಕರೆಯಲು ನನಗೆ ಮನಸ್ಸು ಬರುತ್ತಿಲ್ಲ.

ಡಿಸೆಂಬರ್ 12ರಂದು ಚಿತ್ರಗಳ ಸಮೇತ ಬರೆದದ್ದಕ್ಕೆ ತಮ್ಮವರು ‘ತಮ್ಮ ಊರಿನ ಹವಾಮಾನಕ್ಕೆ ಈ ಗಿಡ ಒಗ್ಗುವುದಿಲ್ಲ’ ಎಂದು ಒಂದು ಸಾಲಿನ ಉತ್ತರ ಕೊಟ್ಟರು. ಧಾರವಾಡದ ಏಪ್ರಿಲ್ ಬಿಸಿಲು ಡೆಲ್ಫಿನಿಯಂಗೆ ಹಿತವಲ್ಲ ಎಂಬುದನ್ನು ನಾನು ಒಪ್ಪುತ್ತೇನೆ. ತಂಗಿಯ ಬೀಜದ ಸಸಿಗಳಲ್ಲಿ ಈಗ ಆರು ಉಳಿದಿದ್ದು, ಅವು ಬೇಸಿಗೆ ದಾಟುವ ಭರವಸೆ ನನಗೂ ಇಲ್ಲ. ಆದರೆ ಗಿಡ ಬದುಕುವುದು ಬಿಡುವುದು ಮೊಳೆತ ಮೇಲಿನ ಮಾತು, ಆ ನಷ್ಟ ನನ್ನದು. ಅದೇ ಟ್ರೇಯಲ್ಲಿ ಪಕ್ಕದ ಬೀಜ ಮೊಳೆತಿರುವಾಗ ಊರಿನ ಹವೆಯನ್ನು ದೂರುವುದು, ಕುಣಿಯಲಾರದವಳು ಅಂಗಳ ಡೊಂಕು ಎಂದಂತೆ. ಅಲ್ಲದೆ ‘ಬಯಲುಸೀಮೆಯಲ್ಲೂ ಚಳಿಗಾಲದಲ್ಲಿ ಬೆಳೆಯಬಹುದು’ ಎಂದು ಪಾಕೀಟಿನ ಮೇಲೆ ಬರೆದವರು ತಾವೇ.

ಮತ್ತೆ ಬರೆದಾಗ ಜನವರಿ ಮೊದಲ ವಾರ ಬದಲಿ ಪಾಕೀಟೊಂದು ಬಂದಿತು. ಅದರ ಬೀಜಗಳೇನೋ ಚೆನ್ನಾಗಿ ಮೊಳೆತವು. ಆದರೆ ಎಲೆಗಳು ಸಬ್ಬಸಿಗೆ ಸೊಪ್ಪಿನಂತೆ ಎಳೆ ಎಳೆಯಾಗಿ ಬಂದವು. ಡೆಲ್ಫಿನಿಯಂ ಎಲೆ ಬೆರಳು ಬಿಡಿಸಿದ ಅಂಗೈಯಂತೆ ಅಗಲವಾಗಿರುತ್ತದೆ, ತಂಗಿಯ ಸಸಿಗಳಲ್ಲಿ ಅದು ಕಣ್ಣೆದುರೇ ಇದೆ. ತಾವು ಕಳಿಸಿದ್ದು ಲಾರ್ಕ್‌ಸ್ಪರ್ ಎಂಬ, ಡೆಲ್ಫಿನಿಯಂನ ಹತ್ತಿರದ ಬಂಧುವಾದ ಬೇರೆ ಹೂಗಿಡ. ಹೂವು ಚೆಂದವೇ, ಅದರ ಮೇಲೆ ನನಗೆ ದೂರಿಲ್ಲ. ಆದರೆ ಅದು ಒಂದೇ ಹಂಗಾಮಿನಲ್ಲಿ ಹೂಬಿಟ್ಟು ಮುಗಿಯುವ ಗಿಡ, ಅದರ ಮೇಲೆ ‘ಬಹುವಾರ್ಷಿಕ’ ಎಂದು ಮುದ್ರಿಸುವಂತಿಲ್ಲ. ಈ ಎರಡೂ ಗಿಡಗಳ ಎಲೆ, ಬೀಜ ಎಲ್ಲವೂ ವಿಷಕಾರಿ. ಆ ಎಚ್ಚರಿಕೆ ತಮ್ಮ ಯಾವ ಪಾಕೀಟಿನ ಮೇಲೂ ಇಲ್ಲ. ನಮ್ಮ ಓಣಿಯಲ್ಲಿ ಆಡುಗಳು ಬೇಲಿ ದಾಟಿ ಬರುವುದು ದಿನನಿತ್ಯದ ಸಂಗತಿಯಾದ್ದರಿಂದ ನಾನು ಸಸಿಗಳ ಸುತ್ತ ತಂತಿಬಲೆ ಕಟ್ಟಿಸಬೇಕಾಯಿತು.

ಆದ್ದರಿಂದ ನನ್ನ 440 ರೂಪಾಯಿಗಳನ್ನು ಹಿಂದಿರುಗಿಸಬೇಕು; ಚೀಟಿ ಅಂಟಿಸಿದ ಆ ಬ್ಯಾಚಿನ ಪಾಕೀಟುಗಳ ಮಾರಾಟವನ್ನು ನಿಲ್ಲಿಸಿ, ಉಳಿದ ಬೀಜದ ಮೊಳಕೆ ಪ್ರಮಾಣವನ್ನು ಪರೀಕ್ಷಿಸಿ ನನಗೆ ಲಿಖಿತವಾಗಿ ತಿಳಿಸಬೇಕು; ಮುಂದಿನ ಪಾಕೀಟುಗಳಲ್ಲಿ ಗಿಡದ ಸರಿಯಾದ ಹೆಸರು ಮತ್ತು ವಿಷದ ಎಚ್ಚರಿಕೆ ಇರಬೇಕು. ಇವುಗಳಲ್ಲಿ ಹಣದ ಮಾತೇ ಚಿಕ್ಕದು. 2020ರ ಗ್ರಾಹಕ ಸಂರಕ್ಷಣಾ (ಇ-ವಾಣಿಜ್ಯ) ನಿಯಮಗಳ ಪ್ರಕಾರ ತಾವು ಈ ದೂರು ತಲುಪಿದ್ದನ್ನು 48 ಗಂಟೆಗಳೊಳಗೆ ಖಚಿತಪಡಿಸಿ, ಒಂದು ತಿಂಗಳೊಳಗೆ ಇತ್ಯರ್ಥಪಡಿಸಬೇಕಾಗಿದೆ. ತಪ್ಪಿದಲ್ಲಿ ಧಾರವಾಡದ ಜಿಲ್ಲಾ ಗ್ರಾಹಕ ವ್ಯಾಜ್ಯಗಳ ಪರಿಹಾರ ಆಯೋಗಕ್ಕೆ ದೂರು ಸಲ್ಲಿಸುತ್ತೇನೆ.

ಬಿಲ್ಲಿನ ಪ್ರತಿ, ಟ್ರೇ ಮತ್ತು ಎಲೆಗಳ ಚಿತ್ರಗಳು, ಎರಡೂ ತಿಂಗಳುಗಳು ಕಾಣುವಂತೆ ತೆಗೆದ ಪಾಕೀಟಿನ ಚಿತ್ರ ಇದರೊಂದಿಗಿವೆ. ಮೂಲ ಪಾಕೀಟುಗಳನ್ನು ನನ್ನ ಬಳಿಯೇ ಇಟ್ಟುಕೊಂಡಿದ್ದೇನೆ.

ತಮ್ಮ ವಿಶ್ವಾಸಿ,
(ಸಹಿ)