ಈ ಒಂದು ವರ್ಷ ನಮ್ಮ ಜೊತೆ ನಿಂತವರಿಗೆ

ನನ್ನ ಯಜಮಾನರು ಕುಡಿತ ಬಿಟ್ಟು ಮೊನ್ನೆಗೆ ಒಂದು ವರ್ಷವಾಯಿತು. ಎಲ್ಲರೂ ಅವರನ್ನು ಹೊಗಳುತ್ತಿದ್ದಾರೆ. ಹೊಗಳಲಿ, ಕಷ್ಟಪಟ್ಟಿದ್ದಾರೆ. ಆದರೆ ನನ್ನನ್ನೂ ಮಗಳನ್ನೂ ಹಿಡಿದು ನಿಲ್ಲಿಸಿದವರ ಬಗ್ಗೆ ನಾನೇ ಹೇಳಬೇಕು ಅಲ್ವಾ?

ಮೊದಲು ಡಾಕ್ಟರಿಗೆ. "ನಾಳೆಯಿಂದ ಒಂದು ತೊಟ್ಟೂ ಮುಟ್ಟಲ್ಲ" ಅಂತ ಇವರು ಆಣೆ ಇಟ್ಟಾಗ ನಮಗೆಲ್ಲ ಖುಷಿ. ಡಾಕ್ಟರ್ ಮಾತ್ರ ಗಾಬರಿಯಾದರು. ವರ್ಷಗಟ್ಟಲೆ ದಿನಾ ಜಾಸ್ತಿ ಕುಡಿದವರು ಏಕಾಏಕಿ ನಿಲ್ಲಿಸಿದರೆ ಮೊದಲ 48 ಗಂಟೆಗಳಲ್ಲಿ ಫಿಟ್ಸ್ ಬರಬಹುದಂತೆ. ಆಮೇಲೆ ನಡುಕ, ಭ್ರಮೆ ಶುರುವಾಗಿ ಜೀವಕ್ಕೇ ಕುತ್ತು ಬರಬಹುದಂತೆ. ಅಡ್ಮಿಟ್ ಮಾಡಿಕೊಂಡರು. ಮೂರನೇ ರಾತ್ರಿ ಇವರು ಹುಳ ಹರಿಯುತ್ತಿದೆ ಅಂತ ಬೆಡ್‌ಶೀಟ್ ಕೊಡವುತ್ತಲೇ ಇದ್ದರು. ನರ್ಸ್ ಬೇಸರವಿಲ್ಲದೆ ಮತ್ತೆ ಮತ್ತೆ ಹೊದಿಸಿದರು. ಮನೆಯಲ್ಲಿದ್ದಿದ್ದರೆ ಏನು ಗತಿ!

ಇವರ ಇನ್ನೊಂದು ಸಂಬಂಧ ಗೊತ್ತಾಗಿದ್ದು ಅದರ ನಂತರ. "ಅಮಲಿನಲ್ಲಿ ಆಗಿಹೋಗಿದ್ದು, ಬಿಟ್ಟುಬಿಡಮ್ಮ" ಅಂದವರೇ ಜಾಸ್ತಿ. ಕೌನ್ಸೆಲರ್ ಮೇಡಂ ಒಬ್ಬರೇ ಎರಡನ್ನೂ ಬೆರೆಸಲಿಲ್ಲ. "ಕುಡಿತ ಕಾಯಿಲೆ, ಚಿಕಿತ್ಸೆ ಇದೆ. ಆದರೆ ಮೆಸೇಜ್ ಅಳಿಸೋವಷ್ಟು ಎಚ್ಚರ ನಿಮಗಿತ್ತಲ್ಲ, ಅದಕ್ಕೆ ನೀವೇ ಉತ್ತರ ಕೊಡಬೇಕು" ಅಂತ ಇವರ ಮುಖಕ್ಕೇ ಹೇಳಿದರು. ನನಗೆ ಹೇಳಿದ್ದಿಷ್ಟೇ: "ಕ್ಷಮಿಸೋಕೂ ಅವಸರ ಬೇಡ, ಬಿಟ್ಟು ಹೋಗೋಕೂ ಬೇಡ." ಇಬ್ಬರೂ ಎಚ್‌ಐವಿ ಮತ್ತು ಇತರ ಸೋಂಕುಗಳ ಪರೀಕ್ಷೆ ಮಾಡಿಸಿಕೊಳ್ಳಿ ಅಂದವರೂ ಅವರೇ. ಆ ಗಲಾಟೆಯಲ್ಲಿ ನನಗದು ಹೊಳೆದೇ ಇರಲಿಲ್ಲ. ಮೇಡಂ, ನನ್ನ ಸಿಟ್ಟಿಗೂ ಒಂದು ಜಾಗ ಕೊಟ್ಟಿರಿ. ಅದನ್ನು ಮರೆಯಲ್ಲ.

ಅಲ್-ಅನಾನ್ ಗುಂಪಿನ ಗೆಳತಿಯರಿಗೆ ದೊಡ್ಡ ನಮಸ್ಕಾರ. ಇವರು ಹೋಗುವ ಎಎ, ಅಂದರೆ ಕುಡಿತ ಬಿಡೋಕೆ ಒಬ್ಬರಿಗೊಬ್ಬರು ನೆರವಾಗುವವರ ಆಲ್ಕೊಹಾಲಿಕ್ಸ್ ಅನಾನಿಮಸ್ ಗುಂಪು, 1935ರಲ್ಲಿ ಶುರುವಾಗಿದ್ದು. ಅದನ್ನು ಕಟ್ಟಿದ ಇಬ್ಬರಲ್ಲಿ ಒಬ್ಬರ ಹೆಂಡತಿ ಲೋಯಿಸ್ ವಿಲ್ಸನ್ ಮತ್ತು ಅವರ ಗೆಳತಿ ಸೇರಿ ಕುಡುಕರ ಮನೆಯವರಿಗಾಗಿ ಅಲ್-ಅನಾನ್ ಶುರು ಮಾಡಿದ್ದು 1951ರಲ್ಲಿ. ಮನೆಯವರ ಸರದಿ ಬರೋಕೆ ಅಷ್ಟು ವರ್ಷ ಬೇಕಾಯಿತು ನೋಡಿ! ಬಾಟಲಿ ಹುಡುಕಿ ಸಿಂಕಿಗೆ ಸುರಿಯೋದು, ಆಫೀಸಿಗೆ ಫೋನ್ ಮಾಡಿ "ಜ್ವರ" ಅನ್ನೋದು, ಎಲ್ಲರ ಮನೆಯಲ್ಲೂ ಇದೇ ಕತೆ. ಅವನ ಕುಡಿತಕ್ಕೆ ನೀನು ಕಾರಣ ಅಲ್ಲ, ಅದನ್ನು ಬಿಡಿಸೋದೂ ನಿನ್ನ ಕೈಲಿಲ್ಲ ಅಂತ ಅವರ ಬಾಯಲ್ಲಿ ಕೇಳಿದ ಮೇಲೆ ನನಗೆ ನಿದ್ದೆ ಬರೋಕೆ ಶುರುವಾಯಿತು.

"ಅವನು ನಮ್ಮಣ್ಣನೇ. ಆದ್ರೆ ಈ ವಿಷಯದಲ್ಲಿ ನಾನು ನಿಮ್ಮ ಕಡೆ ಅತ್ತಿಗೆ" ಅಂದ ನಾದಿನಿಗೆ ಏನು ಹೇಳಲಿ? ಬಾಗಿಲಲ್ಲಿ ಬೀಗದ ಕೈ ತಡಕಾಡುವ ಸದ್ದು ಕೇಳಿದರೆ ಸಾಕು, ಮಗಳು ಪುಸ್ತಕ ಮುಚ್ಚಿ ರೂಮಿಗೆ ಓಡುತ್ತಿದ್ದಳು. ಅವಳು ಮಂಕಾಗಿದ್ದನ್ನು ನನಗಿಂತ ಮೊದಲು ಗಮನಿಸಿ ಕರೆಸಿ ಮಾತಾಡಿದ ಟೀಚರಿಗೂ ಋಣಿ.

ಇವರಿಗೂ ಥ್ಯಾಂಕ್ಸ್ ಇದೆ. ಕೇಳಿದ್ದಕ್ಕೆಲ್ಲ ಈಗ ನೇರ ಉತ್ತರ ಕೊಡುತ್ತಾರೆ. ಫೋನಿಗೆ ಲಾಕ್ ಇಲ್ಲ. ನಾನು ಈಗಲೂ ತೆಗೆದು ನೋಡುತ್ತೇನೆ, ಸುಳ್ಳು ಯಾಕೆ ಹೇಳಲಿ.

"ಎಲ್ಲ ಸರಿಹೋಯ್ತಾ?" ಅಂತ ಕೇಳುವವರಿಗೆ: ಒಂದೇ ಮನೆಯಲ್ಲಿದ್ದೇವೆ, ಕೌನ್ಸೆಲಿಂಗ್ ನಡೀತಿದೆ. ಸದ್ಯಕ್ಕೆ ಇಷ್ಟೇ ಹೇಳಬಲ್ಲೆ.